ಪರ-ವಿರೋಧ: ನಗರದ ಉದ್ಯಾನ ಪ್ರಶಾಂತವಾಗಿಯೇ ಇರಬೇಕೇ?

ಪರ: ಗದ್ದಲಕ್ಕೆ ಉಳಿದ ಊರೆಲ್ಲ ಇದೆ

ನಗರದಲ್ಲಿ ಗದ್ದಲಕ್ಕೆ ಜಾಗ ಸಾಲದೆ ಹೋದದ್ದನ್ನು ನಾನು ಕಂಡಿಲ್ಲ. ರಸ್ತೆ, ಮಾರುಕಟ್ಟೆ, ನಿಲ್ದಾಣ ಎಲ್ಲವೂ ಅದರದೇ. ಆದರೂ ತುಸು ಹಸಿರು ಖಾಲಿ ಕಂಡರೆ ಅಲ್ಲೊಂದು ವೇದಿಕೆ, ನಾಲ್ಕು ಮಳಿಗೆ, ಒಂದು ಧ್ವನಿವರ್ಧಕ ಇಡುವವರೆಗೆ ಆಡಳಿತದವರಿಗೆ ನಿದ್ದೆ ಬರುವುದಿಲ್ಲ. ಜಾಗವನ್ನು ಜೀವಂತಗೊಳಿಸುತ್ತಿದ್ದೇವೆ ಎನ್ನುತ್ತಾರೆ. ಬರೀ ಮರಗಳಿದ್ದಾಗ ಅದು ಸತ್ತಿತ್ತೇ?

ಪ್ರಶಾಂತತೆ ತಾನಾಗಿ ಒದಗುವುದಿಲ್ಲ, ಅದನ್ನು ಕಟ್ಟಬೇಕು. 1858ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ನಕ್ಷೆ ಬರೆದ ಓಲ್ಮ್‌ಸ್ಟೆಡ್ ಮತ್ತು ವಾಕ್ಸ್, ಉದ್ಯಾನವನ್ನು ಅಡ್ಡಹಾಯುವ ನಾಲ್ಕು ರಸ್ತೆಗಳನ್ನು ನೆಲಮಟ್ಟದಿಂದ ಕೆಳಗಿಳಿಸಿದರು. ಅದೇ ನಗರದಲ್ಲಿ 1967ರಲ್ಲಿ ತೆರೆದ ಪೇಲಿ ಪಾರ್ಕ್, ಮೂರು ಕಡೆ ಕಟ್ಟಡಗಳ ನಡುವೆ ಸಿಕ್ಕಿದ ಪುಟ್ಟ ನಿವೇಶನ. ಅದನ್ನು ರೂಪಿಸಿದ ರಾಬರ್ಟ್ ಜಯಾನ್ ಹಿಂಬದಿಯ ಗೋಡೆಯಿಂದ 20 ಅಡಿ ಕೆಳಕ್ಕೆ ನೀರು ಬೀಳಿಸಿದರು. ವಾಹನಗಳ ಸದ್ದು ಅದರಲ್ಲಿ ಮುಳುಗಿಹೋಗುತ್ತದೆ. ಗುತ್ತಿಗೆದಾರರು ನಂಬಿದಂತೆ ಅಂಚಿಗೆ ಒಂದು ಸಾಲು ಗಿಡ ನೆಟ್ಟರೆ ಸದ್ದು ನಿಲ್ಲುವುದಿಲ್ಲ, ರಸ್ತೆ ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ಸದ್ದಿಗೆ ಅಡ್ಡ ನಿಲ್ಲುವುದು ಮಣ್ಣಿನ ದಿಬ್ಬ.

ಅದು ನನಗೆ ತಿಳಿದದ್ದು ಅಪ್ಪನಿಂದ. ಕೊನೆಗಾಲದಲ್ಲಿ ಅವರು ಶ್ರವಣಸಾಧನ ಹಾಕಿಕೊಳ್ಳುತ್ತಿದ್ದರು. ಅದು ನನ್ನ ಮಾತನ್ನೂ ಹಾರ್ನನ್ನೂ ಒಂದೇ ಸಮನೆ ಹಿಗ್ಗಿಸಿ ಕಿವಿಗೆ ತುರುಕುತ್ತಿತ್ತು. ಬೀದಿಯಲ್ಲಿ ಅದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು, ಮನೆಯಲ್ಲಿ ಟಿವಿಯ ಸದ್ದಿಗೂ ಹಾಗೆಯೇ. ಉದ್ಯಾನದ ದಿಬ್ಬದ ಹಿಂದಿನ ಬೆಂಚಿನಲ್ಲಿ ಮಾತ್ರ ಅದನ್ನು ಹಾಕಿಕೊಂಡೇ ಕೂರುತ್ತಿದ್ದರು. ಅಮ್ಮನನ್ನು ನೋಡಲು ಹೋದ ದಿನ ಇವರು ಭಯದಿಂದ ಒಂದು ಮಾತೂ ಆಡಲಿಲ್ಲವಂತೆ, ಅಮ್ಮನೇ ಪ್ರಶ್ನೆ ಕೇಳಿದಳಂತೆ; ನಾನು ಅದನ್ನು ಕೇಳಿದ್ದು ಅಲ್ಲಿ. ಮುಂದೆ ಆ ಮೂಲೆಯಲ್ಲಿ ಬಣ್ಣದ ಕಾರಂಜಿಯೂ ಅದಕ್ಕೊಂದು ಹಾಡೂ ಬಂದವು. ಅಪ್ಪ ಹೋಗುವುದನ್ನು ನಿಲ್ಲಿಸಿದರು.

ಅಂಕಿಅಂಶ ಬೇಕೆನ್ನುವವರಿಗೆ ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನವಿದೆ: ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಾಚೆ ಮರ ಕಂಡವರು ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆಗೆ ಹೋದರು.

ನಿರ್ಜನ ಜಾಗ ಅಪಾಯ ಎಂಬ ವಾದವೂ ಇದೆ. ತುತ್ತೂರಿ ಊದಿದರೆ ಕಳ್ಳರು ಓಡುತ್ತಾರೆಂದು ಆ ಮಹನೀಯರ ಎಣಿಕೆಯಿರಬೇಕು. ದೀಪ ಹಾಕಿ, ಕಾವಲಿಡಿ. ಹಾಡುವ ಕಾರಂಜಿ ಯಾಕೆ?

ವಿರೋಧ: ಯಾರ ಪ್ರಶಾಂತತೆ?

ವಿರೋಧದ ಸರದಿ ನನಗೆ ಬಂದಿದೆ. ಹಾಡುವ ಕಾರಂಜಿಯ ಪರ ನಾನೂ ವಕಾಲತ್ತು ಹಾಕಲಾರೆ. ಆದರೆ ಹೇಳಬೇಕಾದದ್ದು ಒಂದೆರಡು ಇವೆ.

ನ್ಯೂಯಾರ್ಕಿನ ಬ್ರಯಂಟ್ ಪಾರ್ಕ್ ಬೀದಿಗಿಂತ ಎತ್ತರದಲ್ಲಿ, ಬೇಲಿಗಿಡಗಳ ಮರೆಯಲ್ಲಿ, ಪೇಟೆಯ ನಡುವೆಯೇ ಇದ್ದೂ ಅದರಿಂದ ಬೇರೆಯಾಗಿ ಇತ್ತು. ಎದುರು ಪಕ್ಷದವರು ಬಯಸುವ ಏಕಾಂತವೇ ಅದು. 1970ರ ದಶಕದಲ್ಲಿ ಮಾದಕವಸ್ತು ಮಾರುವವರು ಅಲ್ಲಿ ನೆಲೆ ನಿಂತರು. ಮರೆ ತೆಗೆದು, ಬೇಕಾದಲ್ಲಿಗೆ ಎಳೆದುಕೊಳ್ಳುವ ಕುರ್ಚಿಗಳನ್ನಿಟ್ಟು 1992ರಲ್ಲಿ ಮತ್ತೆ ತೆರೆದಾಗ ಜನ ಬಂದರು, ಸದ್ದೂ ಬಂತು. ಕಾವಲುಗಾರ ಒಬ್ಬ, ಹೋಗಿಬರುವವರ ಕಣ್ಣು ನೂರು.

ಸೆಂಟ್ರಲ್ ಪಾರ್ಕನ್ನು ಹೊಗಳುವಾಗ ಸೆನೆಕಾ ವಿಲೇಜನ್ನು ಎಲ್ಲರೂ ಮರೆಯುತ್ತಾರೆ. ಹೆಚ್ಚಾಗಿ ಕಪ್ಪು ಜನರು ಮನೆ, ಚರ್ಚು, ಶಾಲೆ ಕಟ್ಟಿಕೊಂಡಿದ್ದ ಆ ನೆಲೆಯನ್ನು ಉದ್ಯಾನಕ್ಕಾಗಿ 1857ರ ಹೊತ್ತಿಗೆ ಖಾಲಿ ಮಾಡಿಸಲಾಯಿತು. ಇಂದಿಗೂ ‘ಪ್ರಶಾಂತತೆ ಕಾಪಾಡಿ’ ಎಂಬ ಫಲಕ ಮೊದಲು ಓಡಿಸುವುದು ಚೆಂಡು ಹಿಡಿದ ಹುಡುಗರನ್ನು. ದೊಡ್ಡ ಮನೆಯವರಿಗೆ ಸ್ವಂತ ಅಂಗಳವಿದೆ. ಒಂದೇ ಕೋಣೆಯಲ್ಲಿ ಆರು ಜನ ಇರುವವರು ಮನಬಿಚ್ಚಿ ಕೂಗಾಡಲು ಎಲ್ಲಿಗೆ ಹೋಗಬೇಕು?

ಆಸ್ಪತ್ರೆಯ ಕಿಟಕಿಯ ವಿಷಯಕ್ಕೆ ನನ್ನ ತಕರಾರಿಲ್ಲ. ಅದು ಕಿಟಕಿಯ ವಿಷಯ. ಎದುರು ಪಕ್ಷದವರ ತಂದೆಯವರ ಬೆಂಚು ಉಳಿಯಬೇಕಿತ್ತು, ನಿಜ. ದಿಬ್ಬವೂ ಇರಲಿ, ಆದರೆ ಬೆಂಚಿನಲ್ಲಿ ಕೂತವರ ತಲೆ ರಸ್ತೆಗೆ ಕಾಣುವಷ್ಟು ತಗ್ಗಾಗಿ. ಸದ್ದು ಒಂದಿಷ್ಟು ಒಳಗೆ ಬಂದರೆ ಬರಲಿ.