ಗೆದ್ದವರನ್ನು ಸೋಲುವವರೆಗೆ ನಿಲ್ಲಲು ಬಿಡಿ

ಹೋದ ವರ್ಷ ಗೌರಿಬಿದನೂರಿನಲ್ಲಿ ನಡೆದ ಪ್ರೌಢಶಾಲಾ ಮಕ್ಕಳ ರಸಪ್ರಶ್ನೆ ಸ್ಪರ್ಧೆಗೆ ನಮ್ಮ ಶಾಲೆಯ ಹುಡುಗಿಯೊಬ್ಬಳನ್ನು ಕರೆದುಕೊಂಡು ಹೋಗಿದ್ದೆ. ಎಂಟನೇ ತರಗತಿಯಲ್ಲಿದ್ದಾಗ ಅದೇ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆದವಳು ಅವಳು. ಹೆಸರು ಬರೆಸುವ ಮೇಜಿನ ಬಳಿ ಆಯೋಜಕರೊಬ್ಬರು ಪಟ್ಟಿ ನೋಡಿ, “ಮೇಷ್ಟ್ರೇ, ಈ ಮಗು ಹೋದ ಸಲವೇ ಗೆದ್ದಿದೆಯಲ್ಲ, ಈ ಸಲ ಬೇರೆ ಮಕ್ಕಳಿಗೂ ಅವಕಾಶ ಸಿಗಲಿ ಬಿಡಿ” ಎಂದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ, ಹಾಗಾಗಿ ನಾನೂ ವಾದಿಸಲಿಲ್ಲ. ವಾದಿಸಬೇಕಿತ್ತು ಎಂದು ಈಗ ಅನಿಸುತ್ತದೆ. ಹುಡುಗಿ ಪ್ರೇಕ್ಷಕರ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಕೂತಳು. ವೇದಿಕೆಯ ಮೇಲೆ “1938ರ ಏಪ್ರಿಲ್ 25ರಂದು...” ಎಂದು ಪ್ರಶ್ನೆ ಆರಂಭವಾಗುತ್ತಿದ್ದಂತೆಯೇ ಅವಳ ಹೆಬ್ಬೆರಳು ಕೈಯಲ್ಲಿದ್ದ ಪೆನ್ನಿನ ತಲೆಯನ್ನು ಟಕ್ಕೆಂದು ಒತ್ತಿತು. ವಿದುರಾಶ್ವತ್ಥದ ಧ್ವಜ ಸತ್ಯಾಗ್ರಹ, ಅಲ್ಲಿ ನಡೆದ ಗೋಲಿಬಾರು, ಈಗ ಅಲ್ಲಿರುವ ವೀರಸೌಧ ಎಲ್ಲವೂ ಅವಳಿಗೆ ಗೊತ್ತು. ವೇದಿಕೆಯ ಮೇಲಿದ್ದ ನಾಲ್ಕು ತಂಡಗಳಲ್ಲಿ ಒಂದೂ ಬಜರ್ ಒತ್ತಲಿಲ್ಲ. ಸ್ಪರ್ಧೆ ಮುಗಿಯುವವರೆಗೂ ಆ ಪೆನ್ನು ಹಾಗೇ ಟಕ್ ಟಕ್ ಎನ್ನುತ್ತಲೇ ಇತ್ತು.

ಅವತ್ತು ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ನೆನಪಾದವರು ಅಮೆರಿಕದ ಕೆನ್ ಜೆನ್ನಿಂಗ್ಸ್. ಅಲ್ಲಿನ ದೂರದರ್ಶನದಲ್ಲಿ ‘ಜೆಪರ್ಡಿ’ ಎಂಬ ಕ್ವಿಜ್ ಕಾರ್ಯಕ್ರಮ ದಶಕಗಳಿಂದ ನಡೆಯುತ್ತಿದೆ. ಪರದೆಯ ಮೇಲೆ ಉತ್ತರದ ರೂಪದಲ್ಲಿ ಸುಳಿವು ಬರುತ್ತದೆ, ಮೂವರು ಸ್ಪರ್ಧಿಗಳು ಅದಕ್ಕೆ ತಕ್ಕ ಪ್ರಶ್ನೆಯನ್ನು ಹೇಳಬೇಕು, ಗೆದ್ದವರು ಮರುದಿನದ ಆಟಕ್ಕೆ ಮತ್ತೆ ಬರುತ್ತಾರೆ. ಆದರೆ 2003ರವರೆಗೆ ಅಲ್ಲಿಯೂ ನಮ್ಮ ಆಯೋಜಕರು ಹೇಳಿದಂಥದ್ದೇ ಒಂದು ನಿಯಮವಿತ್ತು: ಸತತವಾಗಿ ಐದು ಆಟ ಗೆದ್ದವರು ಸೋಲದಿದ್ದರೂ ಮನೆಗೆ ಹೋಗಬೇಕು. 2000ದಲ್ಲಿ ಬ್ರ್ಯಾಡ್ ರಟ್ಟರ್ ಎಂಬ ಯುವಕ ಐದು ಆಟ ಗೆದ್ದು ಹಾಗೆಯೇ ಹೊರಟುಹೋದ. ಆ ಮಿತಿಯನ್ನು ತೆಗೆದುಹಾಕಿದ ಮೇಲೆ ಒಂದು ವರ್ಷವೂ ತುಂಬುವ ಮೊದಲು, 2004ರ ಜೂನ್ 2ರಂದು, ಸಾಲ್ಟ್ ಲೇಕ್ ಸಿಟಿಯ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದ ಜೆನ್ನಿಂಗ್ಸ್ ಅವರ ಮೊದಲ ಆಟ ಪ್ರಸಾರವಾಯಿತು. ನಂತರ ಅವರು ಸತತವಾಗಿ ಗೆದ್ದದ್ದು 74 ಆಟಗಳನ್ನು, ಆ ಗೆಲುವುಗಳಿಂದ ಗಳಿಸಿದ್ದು 25,20,700 ಡಾಲರುಗಳನ್ನು. ಹಳೆಯ ನಿಯಮವೇ ಉಳಿದಿದ್ದರೆ ಅವರನ್ನು ಆರನೆಯ ಆಟದಲ್ಲಿ ಯಾರೂ ನೋಡುತ್ತಿರಲಿಲ್ಲ.

ಇಂಥವರನ್ನು ಕಂಡಾಗ ನಮ್ಮಲ್ಲಿ ಅನೇಕರು “ಎಲ್ಲ ಬಾಯಿಪಾಠದ ಮಹಿಮೆ” ಎಂದು ಸುಮ್ಮನಾಗುತ್ತಾರೆ. ಮಕ್ಕಳಿಗೆ ಕ್ವಿಜ್ ಅಭ್ಯಾಸ ಮಾಡಿಸುವ ನನಗೆ ಅದು ಸರಿ ಎನಿಸುವುದಿಲ್ಲ. ಜೆಪರ್ಡಿಯಲ್ಲಿ ನಿರೂಪಕರು ಸುಳಿವನ್ನು ಪೂರ್ತಿಯಾಗಿ ಓದಿ ಮುಗಿಸಿದ ಮೇಲೆ ಫಲಕದ ಅಂಚಿನ ದೀಪಗಳು ಹೊತ್ತಿಕೊಳ್ಳುತ್ತವೆ. ಅದಕ್ಕಿಂತ ಮೊದಲೇ ಗುಂಡಿ ಒತ್ತಿದವರ ಗುಂಡಿ ಕಾಲು ಸೆಕೆಂಡಿನಷ್ಟು ಹೊತ್ತು ಕೆಲಸ ಮಾಡುವುದಿಲ್ಲ. ಮೂವರಿಗೂ ಉತ್ತರ ಗೊತ್ತಿರುವಾಗ ಆ ಕಾಲು ಸೆಕೆಂಡೇ ಸೋಲು ಗೆಲುವನ್ನು ನಿರ್ಧರಿಸುತ್ತದೆ. ಒಂದೇ ದಿನದಲ್ಲಿ ಐದು ಸಂಚಿಕೆಗಳ ಚಿತ್ರೀಕರಣ ನಡೆಯುವುದರಿಂದ, ಚಾಂಪಿಯನ್ ಆದವರು ಬಟ್ಟೆ ಬದಲಿಸಿಕೊಂಡು ಬಂದು, ಅದೇ ಆಯಾಸದಲ್ಲಿ, ಹೊಸ ಇಬ್ಬರನ್ನು ಎದುರಿಸಬೇಕು. 2019ರಲ್ಲಿ 32 ಆಟ ಗೆದ್ದ ಜೇಮ್ಸ್ ಹೋಲ್ಝ್‌ಹೌವರ್ ಒಂದೇ ಆಟದಲ್ಲಿ 1,31,127 ಡಾಲರ್ ಗಳಿಸಿದ್ದು ದೊಡ್ಡ ಮೊತ್ತದ ಸುಳಿವುಗಳನ್ನು ಮೊದಲು ಆರಿಸಿ, ಕೈಯಲ್ಲಿದ್ದುದರಲ್ಲಿ ದೊಡ್ಡ ಮೊತ್ತಗಳನ್ನು ಧೈರ್ಯವಾಗಿ ಪಣಕ್ಕಿಟ್ಟಿದ್ದರಿಂದ. ತನಗೆ ಗೊತ್ತಿಲ್ಲದ ವಿಷಯಗಳನ್ನು ಆತ ಕಲಿತದ್ದು ಗ್ರಂಥಾಲಯದ ಮಕ್ಕಳ ವಿಭಾಗದ ಪುಸ್ತಕಗಳಿಂದ ಎಂಬುದನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ‘ಥಟ್ ಅಂತ ಹೇಳಿ’ ನೋಡುತ್ತಾ, ಅಲ್ಲಿ ಬಹುಮಾನವಾಗಿ ಪುಸ್ತಕ ಕೊಡುವುದನ್ನು ಕಂಡು ಬೆಳೆದ ನಮಗೆ ಈ ಮಾತು ಹೊಸದೇನೂ ಅಲ್ಲ.

“ಬೇರೆಯವರಿಗೂ ಅವಕಾಶ” ಎನ್ನುವವರು ಜೆನ್ನಿಂಗ್ಸ್ ಅವರ 75ನೇ ಆಟವನ್ನೊಮ್ಮೆ ಗಮನಿಸಬೇಕು. 2004ರ ನವೆಂಬರ್ 30ರಂದು ಪ್ರಸಾರವಾದ ಆ ಆಟದ ಕೊನೆಯ ಸುಳಿವಿಗೆ ಮೊದಲು ಅವರ ಬಳಿ 14,400 ಡಾಲರ್ ಇತ್ತು, ನ್ಯಾನ್ಸಿ ಜರ್ಗ್ ಎಂಬ ಮಹಿಳೆಯ ಬಳಿ 10,000. ಆಕೆ ಪಣಕ್ಕಿಟ್ಟದ್ದು 4,401. ಉತ್ತರ ಸರಿಯಾದರೆ ಎದುರಾಳಿಯ ಮೊತ್ತಕ್ಕಿಂತ ಒಂದೇ ಒಂದು ಡಾಲರ್ ಹೆಚ್ಚಾಗಬೇಕೆಂಬ ಲೆಕ್ಕ ಅದು. ವರ್ಷದಲ್ಲಿ ನಾಲ್ಕೇ ತಿಂಗಳು ಕೆಲಸವಿರುವ 70,000 ನೌಕರರ ಸಂಸ್ಥೆ ಯಾವುದು ಎಂಬ ಸುಳಿವಿಗೆ ಜೆನ್ನಿಂಗ್ಸ್ ‘ಫೆಡೆಕ್ಸ್’ ಎಂದು ಬರೆದರು. ಸರಿಯಾದ ಉತ್ತರ ತೆರಿಗೆ ಲೆಕ್ಕ ಬರೆದುಕೊಡುವ ‘ಎಚ್ ಅಂಡ್ ಆರ್ ಬ್ಲಾಕ್’. ಅದನ್ನು ಜರ್ಗ್ ಬರೆದಿದ್ದರು. ಮರುದಿನದ ಆಟದಲ್ಲಿ ಆಕೆ ಸೋತರು, ಆದರೂ ಇಷ್ಟು ವರ್ಷಗಳ ನಂತರ ಚಿಕ್ಕಬಳ್ಳಾಪುರ ಜಿಲ್ಲೆಯ ಮೇಷ್ಟ್ರೊಬ್ಬ ಆಕೆಯ ಹೆಸರು ಬರೆಯುತ್ತಿದ್ದಾನೆ. ಚಾಂಪಿಯನ್ನನ್ನು ಮೊದಲೇ ಮನೆಗೆ ಕಳುಹಿಸಿದ್ದರೆ ಆಕೆಗೆ ಈ ಅವಕಾಶ ಎಲ್ಲಿಂದ ಸಿಗುತ್ತಿತ್ತು?

ಜೆನ್ನಿಂಗ್ಸ್ ಬಗ್ಗೆ ನನಗಿರುವ ಗೌರವ ಆ 74 ಗೆಲುವುಗಳಿಗಿಂತ ಹೆಚ್ಚಾಗಿ ನಂತರದ ಹದಿನೈದು ವರ್ಷಗಳದ್ದು. 2005ರ ದೊಡ್ಡ ಟೂರ್ನಿಯ ಫೈನಲ್‌ಗೆ ಅವರಿಗೆ ನೇರ ಪ್ರವೇಶ ಸಿಕ್ಕಿತು, ಆದರೆ ಐದೇ ಆಟ ಆಡಿ ಹೊರಟಿದ್ದ ಆ ಬ್ರ್ಯಾಡ್ ರಟ್ಟರ್ ಅವರನ್ನು ಸೋಲಿಸಿ 20 ಲಕ್ಷ ಡಾಲರ್ ಗೆದ್ದ. 2011ರ ಫೆಬ್ರವರಿಯಲ್ಲಿ ಇದೇ ಜೆಪರ್ಡಿಯಲ್ಲಿ ಇಬ್ಬರ ಎದುರೂ ಆಡಿದ ಐಬಿಎಂ ಕಂಪನಿಯ ‘ವ್ಯಾಟ್ಸನ್’ ಕಂಪ್ಯೂಟರ್ 77,147 ಡಾಲರ್ ಗಳಿಸಿದಾಗ ಜೆನ್ನಿಂಗ್ಸ್ ಗಳಿಸಿದ್ದು 24,000, ರಟ್ಟರ್ 21,600. 2014ರ ಟೂರ್ನಿಯಲ್ಲಿ ಮತ್ತೆ ರಟ್ಟರ್ ಮೊದಲಿಗ, ಜೆನ್ನಿಂಗ್ಸ್ ಎರಡನೆಯವರು. ದಾಖಲೆ ಹೇಗೂ ತಮ್ಮ ಹೆಸರಿನಲ್ಲೇ ಇದ್ದುದರಿಂದ ಅವರು ಬಾರದೇ ಇರಬಹುದಿತ್ತು. ಆದರೂ 2020ರ ಜನವರಿಯಲ್ಲಿ, 45ರ ವಯಸ್ಸಿನಲ್ಲಿ, ರಟ್ಟರ್ ಮತ್ತು ಹೋಲ್ಝ್‌ಹೌವರ್ ಇಬ್ಬರನ್ನೂ ಒಟ್ಟಿಗೆ ಎದುರಿಸಿ, ನಾಲ್ಕು ಪಂದ್ಯಗಳಲ್ಲಿ ಮೂರನ್ನು ಗೆದ್ದು ಸಾರ್ವಕಾಲಿಕ ಶ್ರೇಷ್ಠ ಸ್ಪರ್ಧಿಯೆಂಬ ಪಟ್ಟ ಪಡೆದರು. ಮುಂದೆ ಅದೇ ಕಾರ್ಯಕ್ರಮದ ನಿರೂಪಕರೂ ಆದರು.

ನಮ್ಮ ಹುಡುಗಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಗೆದ್ದವರನ್ನು ತಡೆಯುವ ಪದ್ಧತಿಯನ್ನು ಕೈಬಿಡಬೇಕು, ಅವಳನ್ನು ಸೋಲಿಸುವ ಅವಕಾಶವನ್ನು ಬೇರೆ ಶಾಲೆಗಳ ಮಕ್ಕಳಿಗೆ ಕೊಡಬೇಕು ಎಂದು ಆಯೋಜಕರಿಗೆ ಪತ್ರ ಬರೆದಿದ್ದೇನೆ. ಶಾಲೆಯಲ್ಲಿ ಅಭ್ಯಾಸಕ್ಕೆಂದು ಎಲೆಕ್ಟ್ರಿಷಿಯನ್ ಕೆಲಸದ ಪೋಷಕರೊಬ್ಬರು ಕಾಲಿಂಗ್ ಬೆಲ್ ಸ್ವಿಚ್ಚುಗಳನ್ನು ಹಲಗೆಗೆ ಕೂರಿಸಿ, ನಾಲ್ಕು ಬಣ್ಣದ ಬಲ್ಬು ಹಾಕಿ ಬಜರ್ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟಿದ್ದಾರೆ. ಸಂಜೆ ನಾಲ್ಕೂವರೆಗೆ ಗಂಟೆ ಹೊಡೆದ ಮೇಲೆ ಅವಳು ಕೆಂಪು ಬಲ್ಬಿನ ಸ್ವಿಚ್ಚಿನ ಮುಂದೆ ನಿಲ್ಲುತ್ತಾಳೆ. ಉಳಿದ ಮೂರು ಸ್ವಿಚ್ಚುಗಳ ಮುಂದೆ ಎಂಟನೇ ತರಗತಿಯ ಮಕ್ಕಳಿರುತ್ತಾರೆ. ಮೊನ್ನೆ ಗುರುವಾರ ಮೊದಲ ಸಲ ಹಸಿರು ಬಲ್ಬು ಅವಳಿಗಿಂತ ಮುಂಚೆ ಹೊತ್ತಿತು.