‘ದನದ ಡಾಕ್ಟ್ರು’ ಎಂದು ನಗುವವರಿಗೆ

ಇವತ್ತು ಬೆಳಿಗ್ಗೆ ಭರಮಸಾಗರದ ಕಡೆಯ ನಮ್ಮೂರಿನ ಹಾಲಿನ ಡೇರಿಯ ಮುಂದೆ ಕಂಡದ್ದು, ದಾವಣಗೆರೆಯ ಮನೆಗೆ ಬಂದು ಮುಟ್ಟಿದ ಮೇಲೂ ತಲೆಯಿಂದ ಇಳಿಯುತ್ತಿಲ್ಲ. ಕಂದು ರೋಗದ, ಅಂದರೆ ದನ ಎಮ್ಮೆಗಳಿಗೆ ಗರ್ಭಪಾತ ಮಾಡಿಸಿ ಮನುಷ್ಯರಿಗೂ ಅಂಟುವ ಬ್ರುಸೆಲ್ಲೋಸಿಸ್‌ನ, ಲಸಿಕೆ ಹಾಕಲು ಬಂದಿದ್ದ ಪಶುವೈದ್ಯರಿಗೆ ಓದಿಕೊಂಡವರೊಬ್ಬರು, ‘ನಮ್ ಕರು ಚೆನ್ನಾಗೈತಿ, ಬೇರೆ ಮನಿ ನೋಡ್ರಿ’ ಎಂದರು. ವೈದ್ಯರು ಐಸ್ ತುಂಬಿದ ಡಬ್ಬಿಯನ್ನು ಹೆಗಲಿಗೇರಿಸಿ ಸುಮ್ಮನೆ ಬೈಕ್ ಹತ್ತಿದರು. ಆ ಮಹಾಶಯರು ನನ್ನ ಕಡೆ ತಿರುಗಿ, ‘ದನದ ಡಾಕ್ಟ್ರಿಗೆ ಟಾರ್ಗೆಟ್ ಇರ್ತೈತಿ ಮೇಷ್ಟ್ರೆ’ ಎಂದು ನಕ್ಕರು.

ಆ ಸೂಜಿ ಅವರ ಕರುವಿಗೆ ಎಷ್ಟೋ, ಅವರ ಮನೆಯವರಿಗೂ ಅಷ್ಟೇ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುವಿಗೆ ಜೀವಮಾನಕ್ಕೊಮ್ಮೆ ಹಾಕುವ ಈ ಲಸಿಕೆಯನ್ನು 2019ರಲ್ಲಿ ಆರಂಭವಾದ ಕೇಂದ್ರದ ಕಾರ್ಯಕ್ರಮದಡಿ ಪುಕ್ಕಟೆಯಾಗಿ ಕೊಡುತ್ತಾರೆ. ಅದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ರೋಗಾಣು. ಕರು ಒದ್ದಾಗ ಸೂಜಿ ತಮ್ಮ ಕೈಗೇ ಚುಚ್ಚಿದರೆ ವೈದ್ಯರಿಗೇ ಕಾಯಿಲೆ ಅಂಟಬಹುದು. ಟಾರ್ಗೆಟ್ಟಂತೆ!

ನಾನು ತಿಂಗಳುಗಟ್ಟಲೆ ರಜೆ ಹಾಕಿದ್ದ ವರ್ಷ ನಿಮಗೆಲ್ಲ ನೆನಪಿದೆ. ನೆನಪಿಲ್ಲದಿರುವುದು ಅದಕ್ಕೂ ಮುಂಚೆ ನಮ್ಮ ಎಮ್ಮೆ ಕಂದು ಹಾಕಿದ್ದು, ಸತ್ತ ಕರುವನ್ನೂ ಕಸವನ್ನೂ (ಮಾಸು) ನಾನು ಬರಿಗೈಯಲ್ಲಿ ಎಳೆದು ಹಾಕಿದ್ದು. ಸಂಜೆಯಾದರೆ ಜ್ವರ, ಹಾಸಿಗೆ ತೊಯ್ಯುವಷ್ಟು ಬೆವರು, ಎದ್ದು ಕೂರಲಾರದಷ್ಟು ಸೊಂಟನೋವು. ಪೇಟೆಯ ಒಂದು ಆಸ್ಪತ್ರೆಯಲ್ಲಿ ಎರಡು ಸಲ ಟೈಫಾಯಿಡ್ ಎಂದು ಔಷಧ ಕೊಟ್ಟರೇ ಹೊರತು, ಮನೆಯಲ್ಲಿ ದನಕರು ಇವೆಯೇ ಎಂದು ಯಾರೂ ಕೇಳಲಿಲ್ಲ. ಕೇಳಿದವರು ಎಮ್ಮೆಯನ್ನು ನೋಡಲು ಬಂದ ಪಶುವೈದ್ಯರು. ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದ ನನ್ನನ್ನು ಕಂಡು, ‘ಎಮ್ಮಿ ಕಂದು ಹಾಕಿದಾಗ ಮುಟ್ಟಿದೋರ್ಯಾರು ಮೇಷ್ಟ್ರೆ?’ ಎಂದರು, ಯಾವ ರಕ್ತಪರೀಕ್ಷೆ ಮಾಡಿಸಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು. ನನಗೂ ಅಂಟಿದ್ದು ಕಂದು ರೋಗವೇ. ಆಮೇಲೆ ಆರು ವಾರ ಮಾತ್ರೆ ನುಂಗಿ ಎದ್ದು ನಿಂತೆ. ಅಲ್ಲಿಯವರೆಗೆ ಅವರ ಬೆನ್ನ ಹಿಂದೆ ‘ದನದ ಡಾಕ್ಟ್ರು’ ಎಂದು ನಗುತ್ತಿದ್ದವರಲ್ಲಿ ನಾನೂ ಒಬ್ಬ.

ಕರೆದಾಗ ಬರುವುದಿಲ್ಲ, ಬಂದರೂ ಕೈ ಬೆಚ್ಚಗೆ ಮಾಡಬೇಕು ಎಂದು ಕಾಮೆಂಟಿನಲ್ಲಿ ಬರೆಯುವವರು ಇದ್ದೇ ಇರುತ್ತೀರಿ. ಅಂಥವರೂ ಇದ್ದಾರೆ, ಒಪ್ಪಿದೆ. ಆದರೆ ಮನುಷ್ಯರ ವೈದ್ಯರಲ್ಲೊಬ್ಬ ದುಡ್ಡು ಕಿತ್ತರೆ ನಾವು ಇಡೀ ವೈದ್ಯಕುಲವನ್ನು ಹೀಗೆ ಹಗುರವಾಗಿ ಅಳೆಯುತ್ತೇವೆಯೇ?

ಚಳ್ಳಕೆರೆಯ ಕಡೆ ಕುರಿಯೊಂದು ನಿಂತ ನಿಲುವಿನಲ್ಲೇ ಬಿದ್ದು ಸತ್ತು, ಮೂಗಿನಿಂದ ಕಪ್ಪುರಕ್ತ ಸುರಿದರೆ, ಅದನ್ನು ಕೊಯ್ಯಬೇಡಿ, ಚರ್ಮ ಸುಲಿಯಬೇಡಿ ಎಂದು ಹಟ್ಟಿಯವರ ಮುಂದೆ ನಿಂತು ಜಗಳವಾಡಬೇಕಾದವರೂ ಇದೇ ‘ದನದ ಡಾಕ್ಟ್ರು’. ಅದು ಆಂಥ್ರಾಕ್ಸ್ ಆಗಿದ್ದರೆ ಕೊಯ್ದವನಿಗೂ ತಿಂದವನಿಗೂ ಅಪಾಯ. ಅದರ ರೋಗಾಣು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಇನ್ನು ಹುಚ್ಚುನಾಯಿ ರೋಗದ ಮಾತು. ಕಚ್ಚಿಸಿಕೊಂಡ ಮೇಲೆ ನಮಗೆ ಚುಚ್ಚುಮದ್ದು ಕೊಡುವವರ ಹೆಸರು ಗೊತ್ತಿರುತ್ತದೆ, ಕಚ್ಚುವ ಮೊದಲೇ ನಾಯಿಗೆ ಚುಚ್ಚುವವರ ಹೆಸರು ಯಾರಿಗೆ ಬೇಕು?

ಸಂಜೆ ತಡೆಯಲಾರದೆ ಆ ಮಹಾಶಯರಿಗೆ ಫೋನ್ ಮಾಡಿ ನನ್ನ ಕಥೆಯನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಡಾಕ್ಟರ ನಂಬರ್ ಕೇಳಿದರು. ಕರುವಿಗೆ ಈಗ ಏಳು ತಿಂಗಳಂತೆ. ಇನ್ನೊಂದು ತಿಂಗಳು ಇದೆ.