ಜೀನ್ಸ್ ಮತ್ತು ಟೈಲರ್ ಅಂಗಡಿ

ಕೊಡಗಿನ ಜಡಿಮಳೆಯ ಕಕ್ಕಡ ತಿಂಗಳಲ್ಲಿ ಜೀನ್ಸ್ ಒಗೆಯುವುದಕ್ಕೆ ಎದೆಗಾರಿಕೆ ಬೇಕು. ಒಲೆಯ ಮೇಲಿನ ತಂತಿಗೆ ಹಾಕಿದರೂ ಸೊಂಟ, ಜೇಬು ಒಣಗುವುದಿಲ್ಲ. ಒಣಗುವಷ್ಟರಲ್ಲಿ ಮೂಗಿಗೆ ಹೊಗೆ ಬಡಿಯುತ್ತದೆ. ಆದರೂ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಎತ್ತ ನೋಡಿದರೂ ನೀಲಿ ಕಾಲುಗಳೇ.

ಮಳೆ ಅಪರೂಪವಾದ ಅಮೆರಿಕದ ನೆವಾಡಾ ರಾಜ್ಯದ ಪ್ಯಾಂಟು ಇಲ್ಲಿಯವರೆಗೆ ನಡೆದು ಬಂದದ್ದಕ್ಕೆ ವ್ಯಾಪಾರದ ಪಂಡಿತರು ಬ್ರಾಂಡು, ಜಾಹೀರಾತು ಎಂದೆಲ್ಲ ಕಾರಣ ಕೊಡುತ್ತಾರೆ. ನನಗೆ ಕಾಣುವುದು ಟೈಲರುಗಳು. ಅಲ್ಲಿನ ರೀನೋ ಊರಿನ ಜೇಕಬ್ ಡೇವಿಸ್ ಎಂಬ ಟೈಲರ್ ಬಳಿ, ಮರ ಕಡಿಯುವವನೊಬ್ಬನ ಹೆಂಡತಿ ಗಂಡನಿಗೆ ಬೇಗ ಹರಿಯದ ಪ್ಯಾಂಟು ಬೇಕೆಂದಳು. ಆತ ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್, ಅಂದರೆ ಪುಟ್ಟ ಗುಂಡಿಯಂಥ ಮೊಳೆ, ಬಡಿದ. ಪೇಟೆಂಟಿಗೆ ಕಟ್ಟಲು ದುಡ್ಡಿಲ್ಲದೆ, ತನಗೆ ಬಟ್ಟೆ ಮಾರುತ್ತಿದ್ದ ಸ್ಯಾನ್‌ಫ್ರಾನ್ಸಿಸ್ಕೋದ ಲೀವೈ ಸ್ಟ್ರಾಸ್‌ಗೆ ಪತ್ರ ಬರೆದ. 1873ರ ಮೇ 20ರಂದು ಪೇಟೆಂಟ್ ಸಿಕ್ಕಿತು. ಸೊಂಟದ ಪಟ್ಟಿಯ ಮೇಲೆ ಉಳಿದದ್ದು ವ್ಯಾಪಾರಿಯ ಹೆಸರು. ಕಾಫಿ ಬೆಳೆಯುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪೇಟೆಂಟಿನ ಅವಧಿ ಮುಗಿದ ಮೇಲೆ ರಿವೆಟ್ ಬಡಿಯುವ ಹಕ್ಕು ಎಲ್ಲರದ್ದಾಯಿತು. ಲೀ ಬಂತು, ರ‍್ಯಾಂಗ್ಲರ್ ಬಂತು, 1978ರಲ್ಲಿ ಇಟಲಿಯಿಂದ ಡೀಸೆಲ್ ಬಂತು. ಲೀವೈಸ್ ಇವತ್ತು ನೂರಕ್ಕೂ ಹೆಚ್ಚು ದೇಶಗಳಲ್ಲಿ ಮಾರಾಟವಾಗುತ್ತದೆ.

ನಮ್ಮ ಅರವಿಂದ್ ಮಿಲ್ಸ್‌ನವರು ಮಾತ್ರ 1995ರಲ್ಲಿ ಮಜವಾದ ಬುದ್ಧಿ ಓಡಿಸಿದರು. ರಫ್ ಅಂಡ್ ಟಫ್ ಎಂಬ ಹೆಸರಲ್ಲಿ ಡೆನಿಮ್ ಬಟ್ಟೆ, ಜಿಪ್, ರಿವೆಟ್, ಗುಂಡಿ ಎಲ್ಲವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಮಾರಿದರು. ಹೊಲಿಗೆ ನಿಮ್ಮೂರಿನ ಟೈಲರದ್ದು. ಸಣ್ಣ ಊರಿನವರು ಶೋರೂಮಿಗಿಂತ ತಮ್ಮ ಅಳತೆ ಪುಸ್ತಕವನ್ನೇ ಹೆಚ್ಚು ನಂಬುತ್ತಾರೆಂದು ಗೊತ್ತಿದ್ದವರ ಕೆಲಸ ಅದು. ಬಳ್ಳಾರಿಯ ಓಣಿಗಳಲ್ಲಂತೂ ಜೀನ್ಸ್ ಹೊಲಿಗೆಯೇ ದೊಡ್ಡ ಉದ್ಯಮ.

ಈಗ ಪೊಟ್ಟಣ ಹೋಗಿ ರೆಡಿಮೇಡ್ ಬಂದಿದೆ. ಆದರೂ ಪ್ಯಾಂಟಿನ ಉದ್ದ ನಮ್ಮ ಕಾಲಿಗೆ ಹೊಂದುವುದು ಅಪರೂಪ. ಎಂಥ ಅಂತರರಾಷ್ಟ್ರೀಯ ಬ್ರಾಂಡಾದರೂ ಕೊನೆಗೆ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತಲೇಬೇಕು. "ಅಣ್ಣ, ಕೆಳಗೆ ಎರಡಿಂಚು ತೆಗೀರಿ, ಒರಿಜಿನಲ್ ಹೊಲಿಗೆ ಥರಾನೇ ಕಾಣ್ಬೇಕು." ಟೈಲರಣ್ಣ ಸೂಜಿ ಬದಲಿಸಿ ದಪ್ಪನೆಯ 18 ನಂಬರಿನದು ಹಾಕುತ್ತಾರೆ, ಡಬ್ಬಿಯಿಂದ ಕಿತ್ತಳೆ ದಾರ ಹುಡುಕುತ್ತಾರೆ, ಪಕ್ಕದ ದಪ್ಪ ಹೊಲಿಗೆಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡುತ್ತಾರೆ.

ಮೈಸೂರಿನ ಮಾಲ್‌ನಲ್ಲಿ ಸಾವಿರಗಟ್ಟಲೆ ತೆತ್ತು ಬಂದವರು ಇಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಶುರುಮಾಡುತ್ತಾರೆ.

"ಅಲ್ಲಿ ಕೇಳಿದ್ರಾ?" ಎನ್ನುತ್ತಾರೆ ಟೈಲರಣ್ಣ, ತಲೆ ಎತ್ತದೆ.